ಮಂಡಿಯ ಚೀಟಿಯಿಂದ ಐತೀರ್ಪಿನವರೆಗೆ: ಮಲೆನಾಡಿನ ವ್ಯಾಪಾರವೂ ಮಧ್ಯಸ್ಥಿಕೆಯ ವಕೀಲಿ ವೃತ್ತಿಯೂ

ಸಾಗರ, ಹೊಸನಗರ ಹಾಗೂ ತೀರ್ಥಹಳ್ಳಿ ತಾಲ್ಲೂಕುಗಳ ಅಡಿಕೆ ವ್ಯಾಪಾರದ ಬಿಲ್ಲುಗಳನ್ನು ಗಮನವಿಟ್ಟು ನೋಡಿದವರಿಗೆ ಕೆಳಭಾಗದಲ್ಲಿ ಸಣ್ಣ ಅಕ್ಷರಗಳ ಒಂದು ಸಾಲು ಕಾಣಸಿಗುವುದು ಸಾಮಾನ್ಯ. ವ್ಯಾಜ್ಯಗಳೇನಾದರೂ ಉದ್ಭವಿಸಿದಲ್ಲಿ ಅವು ಸ್ಥಳೀಯ ನ್ಯಾಯಾಲಯದ ವ್ಯಾಪ್ತಿಗೆ ಒಳಪಟ್ಟಿರುತ್ತವೆ ಎಂಬುದು ಅದರ ತಾತ್ಪರ್ಯ. ತಲೆಮಾರುಗಳಿಂದ ಅಚ್ಚಾಗುತ್ತ ಬಂದಿರುವ ಈ ಸಾಲನ್ನು ಓದುವವರು ವಿರಳ. ಅದರ ಬಲವೆಷ್ಟು ಎಂದು ವಿಚಾರಿಸುವವರು ಇನ್ನೂ ವಿರಳ. ಸಾಗರದ ಚಾಲಿ, ತೀರ್ಥಹಳ್ಳಿಯ ಸರಕು, ಬೆಟ್ಟೆ, ರಾಶಿ ಮೊದಲಾದ ಬಗೆಗಳು ಲಾರಿಯೇರಿ ಗುಜರಾತ್, ದೆಹಲಿ, ಉತ್ತರ ಪ್ರದೇಶದ ಮಾರುಕಟ್ಟೆಗಳನ್ನು ಸೇರಿದ ಮೇಲೆ, ಖರೀದಿದಾರನು ತೇವಾಂಶ ಹೆಚ್ಚಿತ್ತೆಂದೋ, ಮಾದರಿಗೂ ಮಾಲಿಗೂ ತಾಳೆಯಾಗಲಿಲ್ಲವೆಂದೋ ಹೇಳಿ ಹಣ ತಡೆಹಿಡಿದಾಗ ಮಾತ್ರ ಆ ಸಾಲಿನ ನೆನಪಾಗುತ್ತದೆ. ಆಗ ವರ್ತಕನ ಮುಂದೆ ನಿಲ್ಲುವ ಪ್ರಶ್ನೆಗಳು ಮೂರು. ದಾವೆಯನ್ನು ಎಲ್ಲಿ ಹೂಡಬೇಕು? ತೀರ್ಪು ಬರಲು ಎಷ್ಟು ಕಾಲ ಬೇಕು? ಬಂದ ತೀರ್ಪನ್ನು ಸಾವಿರಾರು ಕಿಲೋಮೀಟರ್ ದೂರದಲ್ಲಿರುವವನ ಮೇಲೆ ಜಾರಿಗೊಳಿಸುವುದು ಹೇಗೆ?

ಈ ಮೂರು ಪ್ರಶ್ನೆಗಳಿಗೂ ಉತ್ತರ ಹುಡುಕಿಕೊಡುವುದನ್ನೇ ಜೀವನವೃತ್ತಿಯನ್ನಾಗಿ ಮಾಡಿಕೊಂಡಿರುವ ವಕೀಲರ ವರ್ಗವೊಂದಿದೆ. ವಾಣಿಜ್ಯ ಮಧ್ಯಸ್ಥಿಕೆ, ಅಂದರೆ ಆರ್ಬಿಟ್ರೇಷನ್, ಇವರ ಕ್ಷೇತ್ರ. ಮುಂಬಯಿ, ದೆಹಲಿ, ಸಿಂಗಪುರ, ಲಂಡನ್, ಪ್ಯಾರಿಸ್ ನಗರಗಳಲ್ಲಿ ಈ ವಕೀಲಿಯು ಇಂದು ಪ್ರತಿಷ್ಠೆಯದೂ ಸಂಪಾದನೆಯದೂ ಆದ ವೃತ್ತಿ. ಬೃಹತ್ ಕಂಪನಿಗಳ ವ್ಯವಹಾರ ಇದು, ಮಲೆನಾಡಿನ ಮಂಡಿಗೆ ಇದರಿಂದೇನು ಎಂಬ ಭಾವನೆ ವರ್ತಕರಲ್ಲಿ ಬೇರೂರಿದೆ. ಆ ಭಾವನೆಯೇ ಹಲವರಿಗೆ ದುಬಾರಿಯಾಗಿದೆ.

ಮಧ್ಯಸ್ಥಿಕೆಯ ಕಲ್ಪನೆ ಮಂಡಿಯವರಿಗೆ ಹೊಸದೇನಲ್ಲ. ತೂಕದಲ್ಲಿ, ದರ್ಜೆಯಲ್ಲಿ, ಮುಂಗಡದ ಲೆಕ್ಕದಲ್ಲಿ ಭಿನ್ನಾಭಿಪ್ರಾಯ ಬಂದಾಗ ಇಬ್ಬರೂ ಗೌರವಿಸುವ ಹಿರಿಯ ವರ್ತಕರೊಬ್ಬರ ಮುಂದೆ ಕುಳಿತು ಬಗೆಹರಿಸಿಕೊಳ್ಳುವ ಪದ್ಧತಿ ಪೇಟೆಗಳಲ್ಲಿ ಹಿಂದಿನಿಂದಲೂ ಇದೆ. ಆದರೆ ಆ ಹಿರಿಯರ ಮಾತಿಗೆ ಮರ್ಯಾದೆಯ ಬಲವಿತ್ತೇ ಹೊರತು ಕಾನೂನಿನ ಬಲವಿರಲಿಲ್ಲ. ಮಾತು ಮೀರಿದವನನ್ನು ಪೇಟೆ ದೂರವಿಡುತ್ತಿತ್ತು, ಅಷ್ಟೇ. ಖರೀದಿದಾರನು ಅದೇ ಪೇಟೆಯವನಾಗಿದ್ದಾಗ ಅಷ್ಟು ಸಾಕಾಗುತ್ತಿತ್ತು. 1940ರ ಕಾಯ್ದೆಯೂ, ಅದರ ಸ್ಥಾನದಲ್ಲಿ ಬಂದ 1996ರ ಮಧ್ಯಸ್ಥಿಕೆ ಮತ್ತು ರಾಜಿ ಸಂಧಾನ ಕಾಯ್ದೆಯೂ ಇಂತಹ ಪಂಚರ ಮಾತಿಗೆ ಕಾನೂನಿನ ಚೌಕಟ್ಟು ಕೊಟ್ಟವು. ಉಭಯ ಪಕ್ಷಗಳು ಬರವಣಿಗೆಯಲ್ಲಿ ಒಪ್ಪಿಕೊಂಡು ನೇಮಿಸಿದ ಮಧ್ಯಸ್ಥಗಾರನು ನೀಡುವ ಐತೀರ್ಪು, 1996ರ ಕಾಯ್ದೆಯ 36ನೇ ಪ್ರಕರಣದಂತೆ, ನ್ಯಾಯಾಲಯದ ಡಿಕ್ರಿಯಂತೆಯೇ ಜಾರಿಯಾಗುತ್ತದೆ. 2015, 2019 ಮತ್ತು 2021ರಲ್ಲಿ ಈ ಕಾಯ್ದೆಗೆ ಮಹತ್ವದ ತಿದ್ದುಪಡಿಗಳಾದವು.

ನಲವತ್ತು ವರ್ಷದ ಶೇಂಗಾ

ಕೃಷಿ ಉತ್ಪನ್ನದ ವ್ಯಾಪಾರಿಗಳು ಅವಶ್ಯವಾಗಿ ತಿಳಿದಿರಬೇಕಾದ ಒಂದು ಪ್ರಕರಣವಿದೆ. ಅದರಲ್ಲಿ ಅಡಿಕೆಯ ಹೆಸರಿಲ್ಲ. ಆದರೆ ಅಡಿಕೆಯ ಬದಲಿಗೆ ಶೇಂಗಾ ಎಂದಿರುವುದನ್ನು ಬಿಟ್ಟರೆ ಉಳಿದುದೆಲ್ಲ ಇಲ್ಲಿಯ ಸಹಕಾರ ಸಂಘಗಳಿಗೂ ವರ್ತಕರಿಗೂ ಅನ್ವಯಿಸುವಂಥದ್ದೇ.

ರಾಷ್ಟ್ರೀಯ ಕೃಷಿ ಸಹಕಾರ ಮಾರಾಟ ಮಹಾಮಂಡಳವು, ಅಂದರೆ ನಾಫೆಡ್, 1980ರ ಜನವರಿಯಲ್ಲಿ ಅಲಿಮೆಂಟಾ ಎಂಬ ವಿದೇಶಿ ಸಂಸ್ಥೆಗೆ 5,000 ಮೆಟ್ರಿಕ್ ಟನ್ ಆಯ್ದ ಶೇಂಗಾ ರಫ್ತು ಮಾಡುವ ಒಪ್ಪಂದ ಮಾಡಿಕೊಂಡಿತು. ಚಂಡಮಾರುತದಿಂದಾಗಿ ಬೆಳೆಗೆ ಹಾನಿಯಾಗಿ 1,900 ಟನ್ ಮಾತ್ರ ಹಡಗೇರಿತು. ಉಳಿದ 3,100 ಟನ್ನುಗಳನ್ನು ಮುಂದಿನ ಹಂಗಾಮಿನಲ್ಲಿ ಪೂರೈಸುವುದಾಗಿ ಉಭಯರೂ ಪೂರಕ ಒಪ್ಪಂದ ಬರೆದುಕೊಂಡರು. ಆದರೆ ಹಿಂದಿನ ವರ್ಷದ ಬಾಕಿಯನ್ನು ಹೀಗೆ ಮುಂದಿನ ವರ್ಷಕ್ಕೆ ಒಯ್ದು ರಫ್ತು ಮಾಡಲು ಕೇಂದ್ರ ಸರ್ಕಾರದ ಅನುಮತಿ ಬೇಕಿತ್ತು. ಅನುಮತಿ ದೊರೆಯಲಿಲ್ಲ. ಅಷ್ಟರಲ್ಲಿ ಬೆಲೆ ಏರಿತ್ತು. ಖರೀದಿದಾರ ಸಂಸ್ಥೆಯು ಲಂಡನ್ನಿನಲ್ಲಿ ಮಧ್ಯಸ್ಥಿಕೆಗೆ ಹೋಯಿತು. ಎಣ್ಣೆಕಾಳು ಮತ್ತು ಕೊಬ್ಬಿನ ವ್ಯಾಪಾರಿಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೋಸ್ಫಾದ ಪಂಚರು 1989ರಲ್ಲಿ ನಾಫೆಡ್ಡಿನ ವಿರುದ್ಧ ಸುಮಾರು 46.8 ಲಕ್ಷ ಡಾಲರ್ ಹಾಗೂ ಬಡ್ಡಿಯನ್ನು ವಿಧಿಸಿ ಐತೀರ್ಪು ನೀಡಿದರು.

ಅನಂತರದ್ದು ಐತೀರ್ಪಿನ ಜಾರಿಯ ಕಥೆ. ದೆಹಲಿ ಉಚ್ಚ ನ್ಯಾಯಾಲಯವು ಜಾರಿಗೆ ಒಪ್ಪಿತು. ಕೊನೆಗೆ 2020ರ ಏಪ್ರಿಲ್ 22ರಂದು ಸರ್ವೋಚ್ಚ ನ್ಯಾಯಾಲಯವು, ಸರ್ಕಾರದ ಅನುಮತಿಯಿಲ್ಲದೆ ರಫ್ತು ಮಾಡುವುದು ಕಾನೂನುಬಾಹಿರವಾಗುತ್ತಿತ್ತು, ನಿಷೇಧವಾದರೆ ಒಪ್ಪಂದ ರದ್ದಾಗುವುದೆಂಬ ಷರತ್ತೂ ಒಪ್ಪಂದದಲ್ಲೇ ಇತ್ತು, ಆದುದರಿಂದ ಈ ಐತೀರ್ಪನ್ನು ಭಾರತದಲ್ಲಿ ಜಾರಿಗೊಳಿಸಲಾಗದು ಎಂದು ತೀರ್ಮಾನಿಸಿತು. ನಾಫೆಡ್ ಗೆದ್ದಿತು. ಒಪ್ಪಂದವಾದದ್ದು 1980ರಲ್ಲಿ, ಗೆದ್ದದ್ದು 2020ರಲ್ಲಿ. ವಿದೇಶಿ ಐತೀರ್ಪುಗಳಲ್ಲಿ ನ್ಯಾಯಾಲಯ ಇಷ್ಟು ಆಳಕ್ಕೆ ಇಳಿಯಬಾರದೆಂದು ಈ ತೀರ್ಪನ್ನು ಟೀಕಿಸಿದ ನ್ಯಾಯವಾದಿಗಳೂ ಇದ್ದಾರೆ, ಟೀಕೆಯಲ್ಲಿ ಹುರುಳಿಲ್ಲದಿಲ್ಲ. ವರ್ತಕನ ಕಣ್ಣಿಗೆ ಬೀಳಬೇಕಾದದ್ದು ಬೇರೆ: ನಲವತ್ತು ವರ್ಷಗಳ ವ್ಯಾಜ್ಯವು ನಿಂತದ್ದು ಒಪ್ಪಂದದ ಒಂದು ಷರತ್ತು ಹಾಗೂ ಪಡೆಯದೇ ಹೋದ ಒಂದು ಅನುಮತಿಯ ಮೇಲೆ. ಪೂರಕ ಒಪ್ಪಂದಕ್ಕೆ ಸಹಿ ಹಾಕುವ ದಿನ, ಅನುಮತಿ ಸಿಕ್ಕಿದರೆ ಮಾತ್ರ ಇದು ಜಾರಿಗೆ ಬರುವುದು ಎಂಬ ಒಂದು ವಾಕ್ಯವನ್ನು ಸೇರಿಸುವ ವಕೀಲನೊಬ್ಬ ಪಕ್ಕದಲ್ಲಿದ್ದಿದ್ದರೆ ವ್ಯಾಜ್ಯವು ಇಷ್ಟು ಬೆಳೆಯುತ್ತಿತ್ತೇ ಎಂಬುದು ಯೋಚಿಸತಕ್ಕ ವಿಷಯ.

ಇದನ್ನು ಹಳೆಯ ಕಥೆಯೆಂದು ಬದಿಗಿಡುವಂತಿಲ್ಲ. ಅಡಿಕೆ ಹಾಳೆಯ ತಟ್ಟೆ, ಬಟ್ಟಲುಗಳನ್ನು ತಯಾರಿಸುವ ಚಿಕ್ಕ ಘಟಕಗಳು ಮಲೆನಾಡಿನಲ್ಲಿ ತಲೆಯೆತ್ತಿ, ಅವುಗಳ ಮಾಲು ಮಧ್ಯವರ್ತಿ ರಫ್ತುದಾರರ ಮೂಲಕ ಅಮೆರಿಕ, ಯೂರೋಪುಗಳಿಗೆ ತಲುಪುತ್ತ ಬಂದಿತ್ತು. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಅಡಿಕೆ ಮರದ ಹಾಳೆಯಲ್ಲಿರುವ ಆಲ್ಕಲಾಯ್ಡ್ ಅಂಶಗಳು ಆಹಾರಕ್ಕೆ ಸೇರಬಹುದೆಂಬ ಕಾರಣ ನೀಡಿ, ಇಂತಹ ತಟ್ಟೆಗಳ ಬಳಕೆ ಸುರಕ್ಷಿತವಲ್ಲವೆಂದು ಪ್ರಕಟಿಸಿತು. ಹಾಳೆ ಆರಿಸಿ, ತೊಳೆದು, ಅಚ್ಚೊತ್ತಿ, ಪೆಟ್ಟಿಗೆ ತುಂಬಿಸಿದ ಮಾಲಿನ ನಷ್ಟವನ್ನು ಯಾರು ಹೊರಬೇಕು? ಹಡಗೇರಿದ ಮೇಲೆ ಬಂದ ನಿರ್ಬಂಧಕ್ಕೆ ಖರೀದಿದಾರ ಹೊಣೆಯೋ, ಪೂರೈಕೆದಾರ ಹೊಣೆಯೋ? ಒಪ್ಪಂದದಲ್ಲಿ ಉತ್ತರವಿದ್ದರೆ ಅದೇ ಉತ್ತರ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಆರ್ಡರು ಮತ್ತು ಒಂದು ಪ್ರೊಫಾರ್ಮಾ ಬಿಲ್ಲಿನ ಆಧಾರದ ಮೇಲೆ ಮಾಲು ಕಳುಹಿಸಿದ್ದರೆ ಉತ್ತರವನ್ನು ಯಾರೋ ಹುಡುಕಬೇಕು, ಅದೂ ಯಾವ ದೇಶದ ಕಾನೂನಿನಡಿ ಎಂಬುದು ಮೊದಲು ತೀರ್ಮಾನವಾಗಬೇಕು.

ಇಲ್ಲಿಯೇ ಮಧ್ಯಸ್ಥಿಕೆಯ ಇನ್ನೊಂದು ಪ್ರಯೋಜನ ಪ್ರಕಟವಾಗುತ್ತದೆ. ಭಾರತದ ನ್ಯಾಯಾಲಯದಲ್ಲಿ ಪಡೆದ ಡಿಕ್ರಿಯನ್ನು ಅಮೆರಿಕದಲ್ಲಿ ನೇರವಾಗಿ ಜಾರಿಗೊಳಿಸುವ ಪರಸ್ಪರ ಏರ್ಪಾಡು ಉಭಯ ದೇಶಗಳ ನಡುವೆ ಇಲ್ಲ. ಆದರೆ 1958ರ ನ್ಯೂಯಾರ್ಕ್ ಒಡಂಬಡಿಕೆಗೆ ಎರಡೂ ದೇಶಗಳು ಸದಸ್ಯರು. ಭಾರತವು 1960ರಲ್ಲಿಯೇ ಇದನ್ನು ಅಂಗೀಕರಿಸಿತು. 170ಕ್ಕೂ ಹೆಚ್ಚು ದೇಶಗಳು ಸದಸ್ಯರಾಗಿರುವ ಈ ಒಡಂಬಡಿಕೆಯಡಿ ಒಂದು ದೇಶದಲ್ಲಿ ನೀಡಿದ ಐತೀರ್ಪನ್ನು ಇನ್ನೊಂದು ದೇಶದ ನ್ಯಾಯಾಲಯ, ಕೆಲವೇ ನಿರ್ದಿಷ್ಟ ಆಕ್ಷೇಪಗಳ ಹೊರತಾಗಿ, ಮಾನ್ಯ ಮಾಡಬೇಕು. ನೇಪಾಳ, ಶ್ರೀಲಂಕಾ, ಮ್ಯಾನ್ಮಾರ್, ಇಂಡೋನೇಷ್ಯಾ, ಸಂಯುಕ್ತ ಅರಬ್ ಸಂಸ್ಥಾನ ಮುಂತಾಗಿ ಅಡಿಕೆ ಹಾಗೂ ಸಂಬಾರ ಪದಾರ್ಥಗಳ ವ್ಯಾಪಾರದಲ್ಲಿ ಹೆಸರು ಕೇಳಿಬರುವ ದೇಶಗಳೂ ಇದರ ಸದಸ್ಯರೇ. ನ್ಯಾಯಾಲಯದ ಡಿಕ್ರಿಗೆ ದಾಟಲಾಗದ ಗಡಿಯನ್ನು ಮಧ್ಯಸ್ಥನ ಐತೀರ್ಪು ದಾಟಬಲ್ಲದು. ವಿಚಿತ್ರವೆನಿಸಿದರೂ ಕಾನೂನಿನ ಸ್ಥಿತಿ ಇದು.

ವೃತ್ತಿಯೊಂದರ ಎತ್ತರ

ಕರ್ನಾಟಕದ ಜನತೆಗೆ ಫಾಲಿ ನಾರಿಮನ್ ಅವರ ಹೆಸರು ಪರಿಚಿತವಾದದ್ದು ಕಾವೇರಿಯಿಂದ. 1990ರಲ್ಲಿ ನ್ಯಾಯಾಧಿಕರಣ ರಚನೆಯಾದಂದಿನಿಂದ 2018ರ ಸರ್ವೋಚ್ಚ ನ್ಯಾಯಾಲಯದ ಅಂತಿಮ ತೀರ್ಪಿನವರೆಗಿನ ದೀರ್ಘ ಹೋರಾಟದಲ್ಲಿ ರಾಜ್ಯದ ಪರ ನಿಂತ ಹಿರಿಯ ವಕೀಲರು ಅವರು. 2016ರ ಸೆಪ್ಟೆಂಬರಿನಲ್ಲಿ ನೀರು ಬಿಡುವ ಆದೇಶ ಪಾಲನೆಯಾಗದಿದ್ದಾಗ, ಆದೇಶವನ್ನು ಪಾಲಿಸದ ಕಕ್ಷಿಯ ಪರ ಮುಂದಿನ ವಾದ ಮಂಡಿಸಲು ಅವರು ಹಿಂಜರಿದದ್ದು ರಾಜ್ಯದಲ್ಲಿ ಕೆಲವರಿಗೆ ಕಹಿಯಾಯಿತು. ವಕೀಲಿ ವೃತ್ತಿಯವರು ಅದನ್ನು ಬೇರೆ ರೀತಿಯಲ್ಲಿ ಕಂಡರು.

ಆದರೆ ಜಗತ್ತಿನ ವಾಣಿಜ್ಯ ವಲಯ ಅವರನ್ನು ಅರಿತದ್ದು ಮಧ್ಯಸ್ಥಿಕೆಯ ಕ್ಷೇತ್ರದಿಂದ. 1929ರಲ್ಲಿ ರಂಗೂನಿನಲ್ಲಿ ಜನಿಸಿ, 1950ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ ವಕೀಲಿ ಆರಂಭಿಸಿ, 1972ರಲ್ಲಿ ಅಡಿಷನಲ್ ಸಾಲಿಸಿಟರ್ ಜನರಲ್ ಆಗಿ ದೆಹಲಿಗೆ ತೆರಳಿ, 1975ರ ಜೂನ್ ತಿಂಗಳಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾದೊಡನೆ ಆ ಹುದ್ದೆಗೆ ರಾಜೀನಾಮೆ ನೀಡಿದವರು. ಅನಂತರದ ದಶಕಗಳಲ್ಲಿ ಪ್ಯಾರಿಸ್ಸಿನ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ ಮಧ್ಯಸ್ಥಿಕೆ ನ್ಯಾಯಾಲಯದ ಉಪಾಧ್ಯಕ್ಷರಾದರು. ವಾಣಿಜ್ಯ ಮಧ್ಯಸ್ಥಿಕೆಯ ಅಂತರರಾಷ್ಟ್ರೀಯ ಪರಿಷತ್ತಿಗೆ 1994ರಿಂದ 2002ರವರೆಗೆ ಅಧ್ಯಕ್ಷರಾಗಿದ್ದರು. ಭಾರತದ ವಕೀಲರನ್ನು ಈ ವಲಯದಲ್ಲಿ ಅಪರೂಪಕ್ಕೆ ಕಾಣುತ್ತಿದ್ದ ಕಾಲದಲ್ಲಿ ದೊರೆತ ಸ್ಥಾನಗಳಿವು. 2024ರ ಫೆಬ್ರುವರಿ 21ರಂದು ತೀರಿಕೊಳ್ಳುವವರೆಗೂ ಅವರು ವೃತ್ತಿಯಿಂದ ದೂರ ಸರಿಯಲಿಲ್ಲ.

ಕರ್ನಾಟಕದಿಂದಲೇ ಬೆಳೆದವರಲ್ಲಿ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರನ್ನು ನೆನೆಯಬೇಕು. ಬೆಂಗಳೂರಿನಲ್ಲಿ ವಕೀಲಿ ಮಾಡಿ, ರಾಜ್ಯ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾಗಿ, 2005ರಿಂದ 2011ರವರೆಗೆ ಸರ್ವೋಚ್ಚ ನ್ಯಾಯಾಲಯದಲ್ಲಿದ್ದ ಅವರು ಬರೆದ ಎರಡು ತೀರ್ಪುಗಳನ್ನು ಮಧ್ಯಸ್ಥಿಕೆಯ ವಿದ್ಯಾರ್ಥಿಗಳು ಇಂದಿಗೂ ಓದದೆ ಮುಂದೆ ಹೋಗುವಂತಿಲ್ಲ. ಯಾವ ವ್ಯಾಜ್ಯಗಳನ್ನು ನ್ಯಾಯಾಲಯ ರಾಜಿ, ಸಂಧಾನ, ಮಧ್ಯಸ್ಥಿಕೆಗಳಿಗೆ ಕಳುಹಿಸಬಹುದೆಂದು 2010ರ ಆಫ್ಕಾನ್ಸ್ ತೀರ್ಪು ಹೇಳಿದರೆ, ಯಾವ ವ್ಯಾಜ್ಯಗಳನ್ನು ಖಾಸಗಿ ಪಂಚರು ತೀರ್ಮಾನಿಸಲಾಗದೆಂದು 2011ರ ಬೂಜ್ ಅಲೆನ್ ತೀರ್ಪು ಹೇಳಿತು. ಅಡಮಾನದ ಜಾರಿ, ದಿವಾಳಿತನ, ಅಪರಾಧ, ವೈವಾಹಿಕ ವ್ಯಾಜ್ಯಗಳು ಎರಡನೆಯ ಸಾಲಿಗೆ ಸೇರುತ್ತವೆ. ಮಂಡಿಯವರು ರೈತನ ತೋಟದ ಆಧಾರದ ಮೇಲೆ ಮುಂಗಡ ಕೊಟ್ಟು, ಆ ತೋಟದ ಅಡಮಾನವನ್ನೇ ಪಂಚರ ಮೂಲಕ ಜಾರಿಗೊಳಿಸಬಹುದೆಂದು ಭಾವಿಸಿದರೆ ಅದು ಸಾಧ್ಯವಾಗದು.

ಬೆಂಗಳೂರಿನಿಂದಲೇ ಹೊರಟ ಎರಡು ಪ್ರಕರಣಗಳು ಈ ವೃತ್ತಿಯ ಎರಡು ಮುಖಗಳನ್ನು ತೋರಿಸುತ್ತವೆ. ಆಗ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿದ್ದ ಜಿಎಂಆರ್ ಸಂಸ್ಥೆಯ ಮಾಲೆ ವಿಮಾನ ನಿಲ್ದಾಣದ ಗುತ್ತಿಗೆಯನ್ನು ಮಾಲ್ಡೀವ್ಸ್ ಸರ್ಕಾರ 2012ರಲ್ಲಿ ರದ್ದುಪಡಿಸಿದಾಗ ಸಿಂಗಪುರದಲ್ಲಿ ಮಧ್ಯಸ್ಥಿಕೆ ನಡೆದು, 2016ರಲ್ಲಿ ಸುಮಾರು 27 ಕೋಟಿ ಡಾಲರ್ ಪರಿಹಾರ ನಿಗದಿಯಾಗಿ ಹಣವೂ ಸಂದಿತು. ಇನ್ನೊಂದೆಡೆ, ಇಸ್ರೋದ ವಾಣಿಜ್ಯ ಅಂಗವಾದ ಆ್ಯಂಟ್ರಿಕ್ಸ್ ಮತ್ತು ಬೆಂಗಳೂರಿನ ದೇವಾಸ್ ಸಂಸ್ಥೆಗಳ ನಡುವಣ 2005ರ ಉಪಗ್ರಹ ತರಂಗಾಂತರದ ಒಪ್ಪಂದ 2011ರಲ್ಲಿ ರದ್ದಾಗಿ, 2015ರಲ್ಲಿ ದೇವಾಸ್ ಪರ 56.25 ಕೋಟಿ ಡಾಲರಿನ ಐತೀರ್ಪು ಬಂದಿತು. 2022ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ವಂಚನೆಯ ಕಾರಣಕ್ಕೆ ದೇವಾಸ್ ಕಂಪನಿಯ ಸಮಾಪನವನ್ನೇ ಎತ್ತಿಹಿಡಿಯಿತು. ಅದೇ ವರ್ಷ ದೆಹಲಿ ಉಚ್ಚ ನ್ಯಾಯಾಲಯ ಐತೀರ್ಪನ್ನು ರದ್ದುಮಾಡಿತು. ಆದರೂ ವ್ಯಾಜ್ಯ ಅಮೆರಿಕದಲ್ಲಿ ಮುಂದುವರಿದು, 2025ರ ಜೂನ್ 5ರಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಆ್ಯಂಟ್ರಿಕ್ಸ್ ಎತ್ತಿದ್ದ ನ್ಯಾಯವ್ಯಾಪ್ತಿಯ ಒಂದು ಆಕ್ಷೇಪವನ್ನು ತಳ್ಳಿಹಾಕಿತು. ಮಧ್ಯಸ್ಥಿಕೆ ಎಂದೊಡನೆ ಶೀಘ್ರ ಇತ್ಯರ್ಥ ಎಂದು ಉತ್ಸಾಹದಿಂದ ಭಾಷಣ ಮಾಡುವವರು ಈ ಪ್ರಕರಣವನ್ನೂ ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು.

ಯುವ ವಕೀಲರ ಮುಂದಿರುವ ಹಾದಿ

ಈ ಮೂರು ತಾಲ್ಲೂಕುಗಳಿಂದ ಕಾನೂನು ಓದಲು ಹೊರಡುವ ಯುವಕ ಯುವತಿಯರಿಗೆ ಇದುವರೆಗೆ ಎದುರಿಗಿದ್ದ ದಾರಿಗಳು ಬಹುಮಟ್ಟಿಗೆ ಎರಡೇ: ಊರಿಗೆ ಮರಳಿ ಜಮೀನಿನ, ಪಾಲು ವಿಭಾಗದ ದಾವೆಗಳನ್ನು ನಡೆಸುವುದು, ಇಲ್ಲವೇ ಬೆಂಗಳೂರಿನಲ್ಲಿ ನೆಲೆಸುವುದು. ಭೂ ಸುಧಾರಣೆ, ಶರಾವತಿ ಮುಳುಗಡೆ, ಅರಣ್ಯ ಮತ್ತು ಕಂದಾಯ ಭೂಮಿಯ ಗೊಂದಲಗಳು ಇಲ್ಲಿನ ವಕೀಲರಿಗೆ ದಶಕಗಳ ಕಾಲ ಸಾಕಷ್ಟು ಕೆಲಸ ಒದಗಿಸಿವೆ. ವಾಣಿಜ್ಯ ಒಪ್ಪಂದವನ್ನು ಬರೆಯುವ ಕೆಲಸ ಮಾತ್ರ ಯಾರ ಪಾಲಿಗೂ ಬೀಳದೆ ಉಳಿದಿದೆ.

ಮಧ್ಯಸ್ಥಿಕೆಯ ವಕೀಲನ ದಿನಚರಿ ಸಿನಿಮಾದಲ್ಲಿ ಕಾಣುವ ವಕೀಲನದಲ್ಲ. ಅವನ ಕೆಲಸದ ಬಹುಪಾಲು ಕಾಗದದ ಮೇಲೆ ನಡೆಯುತ್ತದೆ. ತೂಕದ ಚೀಟಿ, ಇ-ವೇ ಬಿಲ್ಲು, ದರ್ಜೆಯ ಮಾದರಿ, ತೇವಾಂಶದ ವರದಿ, ಲಾರಿಯ ರಸೀದಿ, ಬ್ಯಾಂಕಿನ ತಖ್ತೆ, ಮೊಬೈಲಿನ ಸಂದೇಶಗಳು ಇವನ್ನೆಲ್ಲ ದಿನಾಂಕಕ್ಕನುಗುಣವಾಗಿ ಜೋಡಿಸಿ, ಯಾವ ದಿನ ಯಾರು ಏನನ್ನು ಒಪ್ಪಿದರು ಎಂಬುದನ್ನು ನಿರೂಪಿಸುವುದೇ ಮುಖ್ಯ. ಮಧ್ಯಸ್ಥಗಾರನು ಸಾಕ್ಷ್ಯ ಕಾನೂನಿನ ಕಟ್ಟುನಿಟ್ಟಿಗೆ ಬದ್ಧನಲ್ಲವೆಂದು ಕಾಯ್ದೆಯ 19ನೇ ಪ್ರಕರಣ ಹೇಳುತ್ತದೆ. ಆದುದರಿಂದ ವ್ಯಾಪಾರದ ವಾಡಿಕೆಯನ್ನು ಅರಿತ ವಕೀಲನಿಗೆ ಇಲ್ಲಿ ಬೆಲೆ ಹೆಚ್ಚು. ಗೊರಬಲಿಗೂ ಬೆಟ್ಟೆಗೂ ವ್ಯತ್ಯಾಸವೇನು, ಸಿಪ್ಪೆಗೋಟು ಯಾವಾಗ ಕೆಂಪುಗೋಟಿನ ಬೆಲೆಗೆ ಮಾರಾಟವಾಗದು ಎಂಬುದನ್ನು ದೆಹಲಿಯ ದೊಡ್ಡ ವಕೀಲನಿಗೆ ಕಲಿಸುವುದರಲ್ಲೇ ಎರಡು ದಿನ ಕಳೆಯುತ್ತದೆ. ಸಾಗರದ ಅಡಿಕೆ ಬೆಳೆಗಾರನ ಮಗಳಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ.

ಲಂಡನ್ನಿನ ಧಾನ್ಯ ಮತ್ತು ಮೇವಿನ ವ್ಯಾಪಾರಿಗಳ ಸಂಘವಾದ ಗಾಫ್ಟಾದ ಪದ್ಧತಿಯನ್ನು ಇಲ್ಲಿ ಉದಾಹರಿಸಬಹುದು. ಅಲ್ಲಿ ಪಂಚರಾಗಿ ಕೂರುವವರು ಆಯಾ ವ್ಯಾಪಾರದಲ್ಲಿ ಪಳಗಿದವರು. ಉಭಯರೂ ಒಪ್ಪದ ಹೊರತು ವಿಚಾರಣೆಯಲ್ಲಿ ವಕೀಲರು ನಿಂತು ವಾದಿಸುವಂತಿಲ್ಲ. ವಕೀಲನ ಕೆಲಸ ತೆರೆಯ ಹಿಂದೆ, ಕಾಗದ ಸಿದ್ಧಪಡಿಸುವುದರಲ್ಲಿ. ಅಡಿಕೆಗೆ ಅಂತಹ ಪ್ರಮಾಣಿತ ಒಪ್ಪಂದದ ನಮೂನೆಯೊಂದು, ಪಳಗಿದ ವರ್ತಕರ ಪಂಚರ ಪಟ್ಟಿಯೊಂದು ಇದ್ದರೆ ಎಷ್ಟೋ ತಕರಾರುಗಳು ಪೇಟೆ ದಾಟದೆ ಮುಗಿಯಬಹುದು. ವಾಣಿಜ್ಯ ಮಂಡಳಿಗಳೂ ವರ್ತಕರ ಸಂಘಗಳೂ ಕೈಗೆತ್ತಿಕೊಳ್ಳಬಹುದಾದ ಕೆಲಸವಿದು.

2020ರ ಕೊರೊನಾ ಕಾಲದಿಂದೀಚೆಗೆ ದೃಶ್ಯ ಸಂಪರ್ಕದ ಮೂಲಕ ವಿಚಾರಣೆ ನಡೆಸುವುದು ಈ ಕ್ಷೇತ್ರದಲ್ಲಿ ಸಾಮಾನ್ಯವಾಗಿದೆ. ಹೊಸನಗರದ ಕಚೇರಿಯಲ್ಲಿ ಕುಳಿತ ವಕೀಲನು ಸಿಂಗಪುರದ ಪೀಠದ ಮುಂದೆ ಹಾಜರಾಗಲು ತಾಂತ್ರಿಕವಾಗಿ ಅಡ್ಡಿಯಿಲ್ಲ. ಮಳೆಗಾಲದಲ್ಲಿ ವಿದ್ಯುತ್ತೂ ಅಂತರಜಾಲವೂ ಕೈಕೊಡದಿದ್ದರೆ ಸಾಕು.

ಒಪ್ಪಂದದಲ್ಲಿ ಇರಬೇಕಾದದ್ದು

ವರ್ತಕರು ಸಾಮಾನ್ಯವಾಗಿ ಎಡವುವ ಸ್ಥಳಗಳು ಕೆಲವಿವೆ. ಮೊದಲನೆಯದು ಬರವಣಿಗೆ. ಮಧ್ಯಸ್ಥಿಕೆಯ ಒಪ್ಪಂದ ಲಿಖಿತವಾಗಿರಬೇಕೆಂದು 7ನೇ ಪ್ರಕರಣ ವಿಧಿಸುತ್ತದೆ; ಸಹಿ ಮಾಡಿದ ಪತ್ರ, ಪರಸ್ಪರ ಬರೆದ ಪತ್ರಗಳು, ಇ-ಮೇಲುಗಳೂ ಸಾಕು. ಮಾರಾಟಗಾರನು ತನ್ನ ಬಿಲ್ಲಿನ ಹಿಂದೆ ಅಚ್ಚು ಹಾಕಿಸಿದ ಮಾತ್ರಕ್ಕೆ ಖರೀದಿದಾರ ಒಪ್ಪಿದನೆಂದು ಧೈರ್ಯವಾಗಿ ಹೇಳಲಾಗದು, ಅದು ಮತ್ತೊಂದು ವ್ಯಾಜ್ಯಕ್ಕೆ ದಾರಿ. ಮಾಲು ಹೊರಡುವ ಮುನ್ನ ಖರೀದಿದಾರನಿಂದ ಒಂದು ಸಾಲಿನ ಒಪ್ಪಿಗೆಯ ಇ-ಮೇಲ್ ತರಿಸಿಕೊಳ್ಳುವುದು ಕಷ್ಟದ ಕೆಲಸವಲ್ಲ.

ಎರಡನೆಯದು ಸ್ಥಳ. ವಕೀಲರು ಸೀಟ್ ಎಂದು ಕರೆಯುವ ಪೀಠಸ್ಥಳವನ್ನು ಒಪ್ಪಂದದಲ್ಲಿ ನಮೂದಿಸಿದರೆ ಆ ಸ್ಥಳದ ನ್ಯಾಯಾಲಯಕ್ಕೇ ಮಧ್ಯಸ್ಥಿಕೆಯ ಮೇಲಿನ ಅಧಿಕಾರ ಎಂಬುದು 2012ರ ಬಾಲ್ಕೋ ತೀರ್ಪಿನಿಂದ ಮೊದಲ್ಗೊಂಡು ಸರ್ವೋಚ್ಚ ನ್ಯಾಯಾಲಯ ಬೆಳೆಸಿಕೊಂಡು ಬಂದಿರುವ ತತ್ತ್ವ. ಪೀಠಸ್ಥಳ ಶಿವಮೊಗ್ಗವೋ ಬೆಂಗಳೂರೋ ಎಂದು ಬರೆದಿದ್ದರೆ ಕಾನ್ಪುರಕ್ಕೆ ಅಲೆಯುವುದು ತಪ್ಪುತ್ತದೆ. ಖರೀದಿದಾರನು ಕಳುಹಿಸಿದ ಅಚ್ಚಿನ ನಮೂನೆಗೆ ಓದದೆ ಸಹಿ ಹಾಕಿದರೆ ಇದೇ ತತ್ತ್ವ ತಿರುಗಿ ಬಡಿಯುತ್ತದೆ.

ಮೂರನೆಯದು ಪಂಚರ ನೇಮಕ. ಮಂಡಿಯ ಮಾಲೀಕರು ಸೂಚಿಸಿದವರೇ ಮಧ್ಯಸ್ಥರು ಎಂಬಂತಹ ಷರತ್ತು ಈಗ ನಿಲ್ಲದು. 2019ರ ಪರ್ಕಿನ್ಸ್ ಈಸ್ಟ್‌ಮನ್ ತೀರ್ಪು ಹಾಗೂ 2024ರ ನವೆಂಬರಿನ ಸಂವಿಧಾನ ಪೀಠದ ತೀರ್ಪು, ವ್ಯಾಜ್ಯದಲ್ಲಿ ಆಸಕ್ತಿಯುಳ್ಳ ಪಕ್ಷವೊಂದೇ ಏಕಪಕ್ಷೀಯವಾಗಿ ಮಧ್ಯಸ್ಥನನ್ನು ನೇಮಿಸುವುದು ಸಲ್ಲದೆಂದು ಸ್ಪಷ್ಟಪಡಿಸಿವೆ. ಎದುರಾಳಿ ಸಹಕರಿಸದಿದ್ದರೆ ದೇಶೀಯ ವ್ಯಾಜ್ಯದಲ್ಲಿ ಉಚ್ಚ ನ್ಯಾಯಾಲಯಕ್ಕೆ ಅರ್ಜಿ ಹಾಕಿ ನೇಮಕ ಪಡೆಯಬಹುದು. ಆದರೆ ಎದುರು ಪಕ್ಷ ವಿದೇಶದ್ದಾದರೆ, ಐದು ಲಕ್ಷ ರೂಪಾಯಿಯ ತಟ್ಟೆಯ ವ್ಯವಹಾರವಾದರೂ, ನೇಮಕದ ಅರ್ಜಿ ಹೋಗಬೇಕಾದದ್ದು ದೆಹಲಿಯ ಸರ್ವೋಚ್ಚ ನ್ಯಾಯಾಲಯಕ್ಕೆ. ಕಾಯ್ದೆಯ 11ನೇ ಪ್ರಕರಣದ ಈ ಏರ್ಪಾಡು ಚಿಕ್ಕ ರಫ್ತುದಾರರಿಗೆ ಅನ್ಯಾಯವೆಂದೇ ಹೇಳಬೇಕು. ಇದನ್ನು ತಪ್ಪಿಸುವ ಉಪಾಯವೆಂದರೆ, ನೇಮಕದ ಅಧಿಕಾರವನ್ನು ಒಪ್ಪಂದದಲ್ಲಿಯೇ ಒಂದು ಮಧ್ಯಸ್ಥಿಕೆ ಸಂಸ್ಥೆಗೆ ವಹಿಸುವುದು. ಬೆಂಗಳೂರಿನಲ್ಲಿ ಉಚ್ಚ ನ್ಯಾಯಾಲಯದ ಆಶ್ರಯದಲ್ಲಿ ನಡೆಯುತ್ತಿರುವ ಕರ್ನಾಟಕ ಮಧ್ಯಸ್ಥಿಕೆ ಕೇಂದ್ರ ದೇಶೀಯ ಹಾಗೂ ಅಂತರರಾಷ್ಟ್ರೀಯ ವ್ಯಾಜ್ಯಗಳೆರಡಕ್ಕೂ ತೆರೆದಿದೆ.

ವೆಚ್ಚದ ವಿಷಯದಲ್ಲಿ ಅಳುಕು ಸಹಜ. ಕಾಯ್ದೆಯ ನಾಲ್ಕನೇ ಅನುಸೂಚಿಯಂತೆ ಐದು ಲಕ್ಷದವರೆಗಿನ ವ್ಯಾಜ್ಯಕ್ಕೆ ಮಧ್ಯಸ್ಥನ ಶುಲ್ಕ 45,000 ರೂಪಾಯಿ. ಅದಕ್ಕೆ ಮೇಲ್ಪಟ್ಟು 20 ಲಕ್ಷದವರೆಗೆ, ಐದು ಲಕ್ಷ ಮೀರಿದ ಮೊತ್ತದ ಶೇಕಡಾ 3.5 ಸೇರುತ್ತದೆ. 20 ಲಕ್ಷದ ವ್ಯಾಜ್ಯಕ್ಕೆ 97,500 ರೂಪಾಯಿಯಾಯಿತು. ಒಬ್ಬನೇ ಮಧ್ಯಸ್ಥನಾದರೆ ಇದರ ಮೇಲೆ ಶೇಕಡಾ 25 ಹೆಚ್ಚು, ಅಂದರೆ 1,21,875 ರೂಪಾಯಿ. ಈ ದರಪಟ್ಟಿ ಎಲ್ಲೆಡೆ ಕಡ್ಡಾಯವಲ್ಲವೆಂದು 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿರುವುದರಿಂದ ಶುಲ್ಕವನ್ನು ಆರಂಭದಲ್ಲೇ ಬರೆದುಕೊಳ್ಳುವುದು ಜಾಣತನ. ಎರಡು ಲಕ್ಷದ ಬಾಕಿಗೆ 45,000 ಶುಲ್ಕ ತೆರುವುದು ಯಾರಿಗೂ ಲಾಭವಲ್ಲ. ಅಂತಹ ಸಣ್ಣ ಬಾಕಿಗೆ ರಾಜಿಯೋ ಸಿವಿಲ್ ನ್ಯಾಯಾಲಯವೋ ಲೇಸು. ಮೂರು ಲಕ್ಷ ಹಾಗೂ ಮೇಲ್ಪಟ್ಟ ವಾಣಿಜ್ಯ ದಾವೆಗಳಲ್ಲಿ, ತುರ್ತು ಪರಿಹಾರ ಕೋರದಿದ್ದರೆ, ದಾವೆಗೆ ಮುನ್ನ ಸಂಧಾನ ಯತ್ನ ಕಡ್ಡಾಯವೆಂಬುದನ್ನೂ ನೆನಪಿಡಬೇಕು.

ಹಾಳೆ ತಟ್ಟೆಯಂತಹ ವಸ್ತು ತಯಾರಿಸುವ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಇನ್ನೊಂದು ಬಾಗಿಲು ತೆರೆದಿದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯಡಿ, ಖರೀದಿದಾರ 45 ದಿನ ಮೀರಿ ಹಣ ಉಳಿಸಿಕೊಂಡರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಪೂರೈಕೆದಾರನು ತನ್ನದೇ ರಾಜ್ಯದ ಸೌಲಭ್ಯ ಮಂಡಳಿಯ ಮುಂದೆ ಹೋಗಬಹುದು, ಖರೀದಿದಾರ ದೇಶದ ಯಾವ ಮೂಲೆಯಲ್ಲಿದ್ದರೂ ಸರಿ. ಅಲ್ಲಿ ಬಂದ ಐತೀರ್ಪನ್ನು ಖರೀದಿದಾರ ಪ್ರಶ್ನಿಸಬೇಕಾದರೆ ಮೊದಲು ಮೊತ್ತದ ಶೇಕಡಾ 75ನ್ನು ಠೇವಣಿ ಇಡಬೇಕು. ಆದರೆ ಮಂಡಿಯವರು ಗಮನಿಸತಕ್ಕ ಸೂಕ್ಷ್ಮವೊಂದಿದೆ. 2021ರ ಜುಲೈನಿಂದ ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿ ದೊರೆಯುತ್ತಿದ್ದರೂ ಅದರ ಪ್ರಯೋಜನ ಬ್ಯಾಂಕುಗಳ ಆದ್ಯತಾ ವಲಯದ ಸಾಲಕ್ಕೆ ಸೀಮಿತ. ವಿಳಂಬ ಪಾವತಿಯ ರಕ್ಷಣೆ ಅವರಿಗಿಲ್ಲ. ಕೈಯಲ್ಲಿ ಉದ್ಯಮ್ ಪ್ರಮಾಣಪತ್ರ ಹಿಡಿದು ಮಂಡಳಿಗೆ ಹೋಗುವ ವ್ಯಾಪಾರಿ ಬರಿಗೈಯಲ್ಲಿ ಮರಳುವ ಸಂಭವವೇ ಹೆಚ್ಚು. ತಯಾರಕರೂ ಒಪ್ಪಂದಕ್ಕೆ ಮುನ್ನವೇ ನೋಂದಾಯಿಸಿಕೊಂಡಿರುವುದು ಕ್ಷೇಮ.

ಸಹಕಾರ ಸಂಘಗಳ ವಿಷಯ ಬೇರೆ. 1939ರಲ್ಲಿ ಸ್ಥಾಪನೆಯಾದ ಮ್ಯಾಮ್ಕೋಸ್‌ನಂತಹ ಸಂಘ ಹಾಗೂ ಅದರ ಸದಸ್ಯನ ನಡುವಣ ವ್ಯಾಜ್ಯ ಕರ್ನಾಟಕ ಸಹಕಾರ ಸಂಘಗಳ 1959ರ ಕಾಯ್ದೆಯ 70ನೇ ಪ್ರಕರಣದಡಿ ನಿಬಂಧಕರ ಮುಂದೆ ಹೋಗುತ್ತದೆ. ಅಲ್ಲಿ ಖಾಸಗಿ ಷರತ್ತಿಗೆ ಎಡೆಯಿಲ್ಲ. ಅದೇ ಸಂಘ ಹೊರರಾಜ್ಯದ ಖರೀದಿದಾರನಿಗೆ ಅಡಿಕೆ ಮಾರಿದಾಗ ಅದೂ ಇತರ ವರ್ತಕರಂತೆಯೇ.

ದೇಶೀಯ ಮಧ್ಯಸ್ಥಿಕೆಯಲ್ಲಿ ವಾದಪತ್ರಗಳು ಪೂರ್ಣಗೊಂಡ ದಿನದಿಂದ 12 ತಿಂಗಳೊಳಗೆ ಐತೀರ್ಪು ಬರಬೇಕು. ಉಭಯರ ಒಪ್ಪಿಗೆಯಿಂದ ಇನ್ನೂ ಆರು ತಿಂಗಳು ಮುಂದುವರಿಸಬಹುದು. ಸಾಕ್ಷಿ ವಿಚಾರಣೆಯಿಲ್ಲದ ತ್ವರಿತ ವಿಧಾನವನ್ನು ಒಪ್ಪಿಕೊಂಡರೆ ಆರೇ ತಿಂಗಳು. ಐತೀರ್ಪನ್ನು ರದ್ದುಪಡಿಸಲು ಕೋರುವವರಿಗೆ ಮೂರು ತಿಂಗಳ ಅವಧಿ, ಸಕಾರಣವಿದ್ದರೆ ಮತ್ತೆ 30 ದಿನ. ಅದರಾಚೆಗೆ ಒಂದು ದಿನವೂ ಇಲ್ಲ.

ಇನ್ನು ಭಾಷೆ. ನಡವಳಿ ಯಾವ ಭಾಷೆಯಲ್ಲಿ ನಡೆಯಬೇಕೆಂಬುದನ್ನು ಪಕ್ಷಗಳೇ ನಿರ್ಧರಿಸಬಹುದೆಂದು ಕಾಯ್ದೆಯ 22ನೇ ಪ್ರಕರಣ ಹೇಳುತ್ತದೆ. ತೀರ್ಥಹಳ್ಳಿಯ ವರ್ತಕನೂ ಸಾಗರದ ವರ್ತಕನೂ ತಮ್ಮ ಒಪ್ಪಂದದಲ್ಲಿ ಬರೆದುಕೊಂಡರೆ ವಾದಪತ್ರ, ಸಾಕ್ಷ್ಯ, ಐತೀರ್ಪು ಎಲ್ಲವೂ ಕನ್ನಡದಲ್ಲಿಯೇ ಇರಬಹುದು. ಆ ಐತೀರ್ಪನ್ನು ವಿದೇಶದಲ್ಲಿ ಜಾರಿಗೊಳಿಸಬೇಕಾದ ಸಂದರ್ಭ ಬಂದಾಗ ಮಾತ್ರ ನ್ಯೂಯಾರ್ಕ್ ಒಡಂಬಡಿಕೆಯ ನಾಲ್ಕನೇ ವಿಧಿಯಂತೆ ಪ್ರಮಾಣೀಕರಿಸಿದ ಭಾಷಾಂತರವನ್ನು ಲಗತ್ತಿಸಬೇಕಾಗುತ್ತದೆ.